ಅಂಗವಿಕಲ ನೌಕರರ ರಕ್ಷಣೆ: ಖಾಸಗಿ ಕಂಪನಿಗಳಿಗೂ ಕಡ್ಡಾಯವಾಗಬೇಕೇ?

ಪರ: ಕಾಯಿಲೆ ಒಂದೇ, ಕಾನೂನು ಎರಡೇಕೆ?

ನನ್ನ ಅಣ್ಣ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. 42ನೇ ವಯಸ್ಸಿಗೆ ಕಿವಿ ಪೂರ್ತಿ ಹೋಯಿತು. ಅವನು ಕೇಳಿದ್ದು ಒಂದೇ: ಫೋನಿನ ಬದಲು ಇಮೇಲ್‌ನಲ್ಲಿ ಹೇಳಿ. 'ನೋಡೋಣ' ಅಂದರು. ಮೂರು ತಿಂಗಳಾದ ಮೇಲೆ ರಾಜೀನಾಮೆ ಪತ್ರ ಮುಂದಿಟ್ಟರು. ಕಿವಿ ಹೋಗಿತ್ತು, ಲೆಕ್ಕ ಹೋಗಿರಲಿಲ್ಲ. ಈಗಲೂ ನನ್ನ ಲೆಕ್ಕದ ತಪ್ಪು ಹಿಡಿಯುವುದು ಅವನೇ.

ಅಣ್ಣ ಸರ್ಕಾರಿ ನೌಕರನಾಗಿದ್ದರೆ ಹೀಗೆ ಮಾಡುವಂತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಓದಿ. ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಆದರೆ ಈ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರು ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು ಎನ್ನುತ್ತದೆ 21ನೇ ಸೆಕ್ಷನ್. ಬರೆದಿಟ್ಟ ಹಾಳೆ ಅಣ್ಣನ ಸಂಬಳ ಉಳಿಸುತ್ತಿತ್ತಾ?

ಖರ್ಚು, ಖರ್ಚು ಅಂತಾರೆ. ಎಲ್ಲರೂ ಲಿಫ್ಟ್ ಕಟ್ಟಿಸಿ ಅಂತ ಕೇಳುವುದಿಲ್ಲ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಗಾಲಿಕುರ್ಚಿಯವರ ಮೇಜನ್ನು ನೆಲಮಹಡಿಗೆ ಇಳಿಸಿದರೆ ಎಷ್ಟೋ ಸಲ ಸಾಕು. ಮಿತಿಮೀರಿದ ಹೊರೆ ಹೊರಬೇಕು ಅಂತ ಕಾಯ್ದೆಯೂ ಹೇಳುವುದಿಲ್ಲ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ 15 ಅಥವಾ ಜಾಸ್ತಿ ಜನರಿರುವ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನಮಗೇಕೆ ಆಗದು? ಮನಸ್ಸಿಲ್ಲ, ಅಷ್ಟೇ.

ವಿರೋಧ: ಸಣ್ಣ ಘಟಕದವರು ಏನು ಮಾಡಬೇಕು?

ಈ ಬದಿ ಬರೆಯಲು ನನ್ನನ್ನು ಕೇಳಿದ್ದಾರೆ. ಅಂಗವಿಕಲರ ಹಕ್ಕಿಗೆ ನಾನು ವಿರೋಧಿಯಲ್ಲ. ಎಲ್ಲರಿಗೂ ಒಂದೇ ಕಡ್ಡಾಯ ಅನ್ನುವುದನ್ನು ಮಾತ್ರ ಒಪ್ಪಲಾರೆ.

ನನ್ನ ಘಟಕದಲ್ಲಿರುವುದು ಎಂಟು ಜನ. ಎಲ್ಲರೂ ಯಂತ್ರದ ಮುಂದೆ ನಿಲ್ಲುವವರೇ. 'ಬೇರೆ ಕೆಲಸ ಕೊಡಿ' ಅಂದರೆ ಆ ಬೇರೆ ಕೆಲಸ ಎಲ್ಲಿಂದ ತರಲಿ? ಹೊರೆ ಮಿತಿಮೀರಿದೆಯೋ ಇಲ್ಲವೋ ಅಂತ ತೀರ್ಮಾನಿಸಲು ಕೋರ್ಟಿಗೆ ಅಲೆಯಬೇಕಾದೀತು. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷ. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕೇ ಇಲ್ಲ. ನಾನು ಬಾಗಿಲು ಹಾಕಬೇಕು.

ಇನ್ನೊಂದು ಭಯವಿದೆ. ತೆಗೆಯುವಂತಿಲ್ಲ ಅಂದರೆ ಮಾಲೀಕರು ಸೇರಿಸಿಕೊಳ್ಳಲೇ ಹಿಂಜರಿಯುತ್ತಾರೆ. ಅಮೆರಿಕದಲ್ಲಿ ಕಾಯ್ದೆಯ ನಂತರ ಅಂಗವಿಕಲರ ಉದ್ಯೋಗ ಇಳಿಯಿತು ಎಂದು ಅರ್ಥಶಾಸ್ತ್ರಜ್ಞರಾದ ಆಸೆಮೊಗ್ಲು ಮತ್ತು ಆಂಗ್ರಿಸ್ಟ್ 2001ರಲ್ಲಿ ಬರೆದರು. ಅದನ್ನು ಒಪ್ಪದವರೂ ಇದ್ದಾರೆ, ನಿಜ.

ನಮ್ಮ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಬೇರೆ ದಾರಿಯಿದೆ. ಸಿಬ್ಬಂದಿಯಲ್ಲಿ ಕನಿಷ್ಠ 5% ಅಂಗವಿಕಲರಿರುವಂತೆ ಖಾಸಗಿಯವರಿಗೆ ಪ್ರೋತ್ಸಾಹ ಕೊಡಬೇಕು ಅಂತ. ಮೊದಲು ಅದನ್ನು ನನ್ನಂಥವರ ಬಾಗಿಲಿಗೆ ಮುಟ್ಟಿಸಲಿ. ಹತ್ತು ವರ್ಷ ದುಡಿದವನ ಕೈ ಹೋದರೆ ಹೊರಗೆ ಕಳಿಸಲು ನನಗೂ ಮನಸ್ಸು ಬಾರದು. ಆದರೆ ಅವನ ಸಂಬಳದ ಹೊರೆಯಲ್ಲಿ ಸರ್ಕಾರವೂ ಪಾಲು ಹೊರಲಿ.