ಸತ್ಯಾಂಶ: ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂ.ಟೆಕ್ ಎಂದರೆ ಬರೀ ಕೋಡಿಂಗ್ ಅಲ್ಲ
‘ಎಂ.ಟೆಕ್‌ನಲ್ಲೂ ಕಲಿಸುವುದು ಅದೇ ಕೋಡಿಂಗ್. ಆರು ತಿಂಗಳ ಕೋರ್ಸ್ ಸಾಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಕೆಲಸ ಹಿಡಿಯಲು ಎಂ.ಟೆಕ್ ಕಡ್ಡಾಯವಲ್ಲ, ಅಷ್ಟು ನಿಜ. ಉಳಿದದ್ದು ತಪ್ಪು.

ವಿದ್ಯಾರ್ಥಿಗೆ ಕೋಡ್ ಬರೆಯಲು ಬರುತ್ತದೆ ಎಂದು ನಂಬಿಯೇ ಅಲ್ಲಿ ಪಾಠ ಶುರುವಾಗುತ್ತದೆ. ಕೋಡ್ ಬರೆಯಲು ಬಂದರಷ್ಟೇ ಸಾಲದು ಎಂಬುದಕ್ಕೆ ಒಂದು ಉದಾಹರಣೆ ನೋಡಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡುಗಳೊಳಗೆ ಛಿದ್ರವಾಯಿತು. ಅದರ ಸಾಫ್ಟ್‌ವೇರ್ 64 ಬಿಟ್‌ನ (ಬಿಟ್ ಎಂದರೆ ಕಂಪ್ಯೂಟರ್ ಮಾಹಿತಿಯ ಅತಿ ಚಿಕ್ಕ ಘಟಕ) ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸಲು ಹೋದಾಗ ಅದು ಆ ಜಾಗದಲ್ಲಿ ಹಿಡಿಸಲಿಲ್ಲ. ಅದೇ ಕೋಡ್ ಏರಿಯಾನ್ 4ರಲ್ಲಿ ಚೆನ್ನಾಗಿಯೇ ನಡೆದಿತ್ತು! ಹೊಸ ರಾಕೆಟ್‌ನ ಹಾರಾಟದ ಅಂಕಿಗಳನ್ನು ಕೊಟ್ಟು ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ಇನ್ನೂ ನೋವಿನ ಸಂಗತಿಯೆಂದರೆ, ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕ ಬೇಕಾಗಿಯೇ ಇರಲಿಲ್ಲ.

ಹಳೆಯ ಕೋಡನ್ನು ಹೊಸ ಕಡೆ ಬಳಸುವಾಗ ಏನನ್ನು ಮತ್ತೆ ಪರಿಶೀಲಿಸಬೇಕು? ಗ್ರಾಹಕರ ಅಗತ್ಯವನ್ನು ಎರಡರ್ಥ ಬಾರದಂತೆ ಬರೆದಿಡುವುದು ಹೇಗೆ? ಸಾಫ್ಟ್‌ವೇರನ್ನು ಎಷ್ಟು ಪರೀಕ್ಷಿಸಿದರೆ ಸಾಕು? ಸ್ನಾತಕೋತ್ತರ ಅಧ್ಯಯನದ ತಿರುಳು ಈ ಪ್ರಶ್ನೆಗಳೇ. ಇವುಗಳ ಜೊತೆ ಕುಳಿತು ಯೋಚಿಸಲು, ಪ್ರಬಂಧ ಬರೆಯಲು ಎರಡು ವರ್ಷ ಹೆಚ್ಚೇನಲ್ಲ ಎಂಬುದು ನನ್ನ ಅಭಿಪ್ರಾಯ.

ಅಂದಹಾಗೆ, ಗೇಟ್ (ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕಿರುವ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಇಲ್ಲದವರಿಗೂ ಕರ್ನಾಟಕದಲ್ಲಿ ಪಿಜಿಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆಯ ಮೂಲಕ ಎಂ.ಟೆಕ್ ಸೇರುವ ದಾರಿ ಇದೆ.