ಸ್ನೇಹಲತಾ ರೆಡ್ಡಿ ತೀರಿಕೊಂಡಿದ್ದು ಜೈಲಿನೊಳಗಲ್ಲ

‘ಸಂಸ್ಕಾರ’ ಸಿನಿಮಾದ ಚಂದ್ರಿ, ಅಂದರೆ ಸ್ನೇಹಲತಾ ರೆಡ್ಡಿ, ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನೊಳಗೇ ಸತ್ತರು ಎಂಬ ಸಂದೇಶ ಮತ್ತೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಬಾಂಬ್ ಕೇಸಲ್ಲಿ ಶಿಕ್ಷೆ ಆಗಿತ್ತು ಅಂತಲೂ ಕೆಲವರು ಸೇರಿಸಿದ್ದಾರೆ. ಎರಡೂ ತಪ್ಪು.

ಅವರನ್ನು ಹಿಡಿದಿದ್ದು 1976ರ ಮೇ ತಿಂಗಳಲ್ಲಿ. ಆಗ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾಗಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದರು. ಸ್ನೇಹಲತಾ ಈ ಜಾರ್ಜ್ ಅವರಿಗೆ ಆಪ್ತ ಗೆಳತಿ. ಸರ್ಕಾರದ ವಿರುದ್ಧ ಸ್ಫೋಟ ನಡೆಸಲು ಜಾರ್ಜ್ ಮತ್ತು ಸಂಗಡಿಗರು ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಸ್ನೇಹಲತಾ ಅವರದ್ದೂ ಕೈವಾಡವಿದೆ ಎಂಬುದು ಪೊಲೀಸರ ಅನುಮಾನ. ಆದರೆ ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ! ವಿಚಾರಣೆಯೇ ನಡೆಯಲಿಲ್ಲ, ಇನ್ನು ಶಿಕ್ಷೆ ಎಲ್ಲಿಂದ ಬಂತು? ಆದರೂ ಎಂಟು ತಿಂಗಳು ಒಳಗಿಟ್ಟರು.

ಅವರಿಗೆ ಜೋರು ಆಸ್ತಮಾ ಇತ್ತು. ಜೈಲಿನಲ್ಲಿ ಅದು ಜಾಸ್ತಿಯಾಯಿತು. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಆರೋಗ್ಯ ಪೂರ್ತಿ ಕೆಟ್ಟ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದೇ ದಿನ. ಜನವರಿ 20ರಂದು ಅವರು ತೀರಿಕೊಂಡರು.

‘ಹೊರಗೆ ಸತ್ತರಲ್ಲ, ಜೈಲಿಗೂ ಸಾವಿಗೂ ಏನು ಸಂಬಂಧ’ ಎಂದು ದಯವಿಟ್ಟು ಯಾರೂ ಇದನ್ನು ತಿರುಚಬೇಡಿ. ಅವರ ಜೀವ ತೆಗೆದಿದ್ದು ಆ ಎಂಟು ತಿಂಗಳೇ ಎಂದು ನಾನು ನಂಬುತ್ತೇನೆ. ಆ ಹಳೇ ಜೈಲೇ ಈಗಿನ ಫ್ರೀಡಂ ಪಾರ್ಕ್. ಸಂದೇಶ ಮುಂದೆ ಕಳಿಸುವುದಾದರೆ ಈ ತಾರೀಖುಗಳನ್ನು ಸೇರಿಸಿ ಕಳಿಸಿ.