ಐಎಕ್ಸೋ, ಕ್ಯೂ8 ಇ-ಟ್ರಾನೋ?

ಬಿಎಂಡಬ್ಲ್ಯು ಐಎಕ್ಸ್ ಎಕ್ಸ್‌ಡ್ರೈವ್50, ಆಡಿ ಕ್ಯೂ8 ಇ-ಟ್ರಾನ್ 55, ಈ ಎರಡೂ ಎಲೆಕ್ಟ್ರಿಕ್ ಕಾರು ಸಮಸಮ ಅಂತ ಬರೆದಿದ್ದೀರಿ. ಬ್ಯಾಟರಿ ಮಟ್ಟಿಗೆ ಹೌದು. ಎರಡರಲ್ಲೂ ಬಳಕೆಗೆ ಸಿಗುವುದು ಸುಮಾರು 105 ಕಿಲೋವ್ಯಾಟ್ ಅವರ್. ಆದರೆ ಪೂರ್ತಿ ಆಮದಾಗಿ ಬರುವ ಗಾಡಿ ಕೊಳ್ಳುವಾಗ ಬಿಡಿಭಾಗದ ಚಿಂತೆ ಮೊದಲು, ಅಲ್ವಾ? ಇ-ಟ್ರಾನ್ ತಯಾರಾಗುತ್ತಿದ್ದ ಬ್ರಸೆಲ್ಸ್ ಕಾರ್ಖಾನೆ 2025ರ ಫೆಬ್ರವರಿಯಲ್ಲೇ ಮುಚ್ಚಿತು. ಶೋರೂಮಿನಲ್ಲಿ ಉಳಿದ ಗಾಡಿ ಸಿಕ್ಕರೆ ಚೆನ್ನಾಗಿ ಚೌಕಾಸಿ ಮಾಡಿ. ಸುಮ್ನೆ ಹೇಳಿದ ಬೆಲೆ ಕೊಡಬೇಡಿ.

ನನ್ನ ಓಟು ಐಎಕ್ಸ್‌ಗೆ. ಫಾಸ್ಟ್ ಚಾರ್ಜರ್‌ನಲ್ಲಿ 195 ಕಿಲೋವ್ಯಾಟ್‌ವರೆಗಿನ ವೇಗದಲ್ಲಿ ಚಾರ್ಜ್ ಎಳೆಯುತ್ತದೆ, ಆಡಿಯದ್ದು 170. ಒಂದು ತಮಾಷೆ: ಐಎಕ್ಸ್‌ನ ಬಾನೆಟ್ಟನ್ನು ನಾವು ತೆರೆಯುವ ಹಾಗಿಲ್ಲ. ಗಾಜು ತೊಳೆಯುವ ನೀರು ತುಂಬಲು ಮುಂದಿನ ಲಾಂಛನ ಒತ್ತಬೇಕು. ಟೆಸ್ಟ್ ಡ್ರೈವ್‌ಗೆ ಬಂದ ನಮ್ಮ ಮಾವ ಬಾನೆಟ್ ತೆರೆಯುವ ಲಿವರ್ ಹುಡುಕಿ ಹುಡುಕಿ ಸುಸ್ತಾದರು.